ಬಿಳಿ ಕಲ್ಲಿನ ಸೆಟ್ಟು

ಬಳ್ಳಾರಿಯ ಕೌಲ್ ಬಜಾರಿನ ದಸ್ತಗೀರಸಾಬನ ಅಂಗಡಿಗೆ ಸಿರುಗುಪ್ಪ, ಕುರುಗೋಡು, ಮೋಕದ ಮೈಕ್‌ಸೆಟ್ಟಿನವರೆಲ್ಲ ಬಸ್ಸಿಳಿದು ನೇರವಾಗಿ ಬರುತ್ತಿದ್ದರು. ವಾಲ್ವಿನ ಸೆಟ್ಟುಗಳು ಮೂಲೆ ಸೇರಿ, ಟ್ರಾನ್ಸಿಸ್ಟರಿನ ಸೆಟ್ಟುಗಳು ತಲೆ ಎತ್ತಿದ ಕಾಲ ಅದು. ದೊಡ್ಡ ದನಿ ಬೇಕೆಂದರೆ ಒಂದು ಟ್ರಾನ್ಸಿಸ್ಟರ್ ಸಾಲದು; ನಾಲ್ಕನ್ನು ಪಕ್ಕಪಕ್ಕ ಕೂಡಿಸಿ ಹೊರೆಯನ್ನು ನಾಲ್ಕಕ್ಕೂ ಹಂಚಬೇಕು. ಹಂಚುವುದೇ ಕಷ್ಟ. ಒಂದೇ ಡಬ್ಬಿಯಿಂದ ತೆಗೆದರೂ ಒಂದರ ಗುಣ ಇನ್ನೊಂದಕ್ಕಿಲ್ಲ. ದಸ್ತಗೀರಸಾಬ್ ಒಂದೊಂದನ್ನೇ ಬ್ಯಾಟರಿಗೆ ಹಚ್ಚಿ, ಮೀಟರಿನ ಮುಳ್ಳು ನೋಡಿ, ಸಂತೆಯಲ್ಲಿ ಜೋಡಿ ಎತ್ತು ಹುಡುಕುವವನ ಹಾಗೆ ಒಂದೇ ನಡೆಯ ನಾಲ್ಕನ್ನು ಹೆಕ್ಕುತ್ತಿದ್ದ. ಅಷ್ಟಾದ ಮೇಲೂ ಪ್ರತಿಯೊಂದರ ದಾರಿಗೆ ಬಿಳಿ ಪಿಂಗಾಣಿ ಮೈಯ ಒಂದು ಸಣ್ಣ ರೆಸಿಸ್ಟರ್ ಕೂಡಿಸುತ್ತಿದ್ದ. ಅಂಗಡಿಯಲ್ಲಿ ಅದಕ್ಕೆ ಬಿಳಿ ಕಲ್ಲು ಅಂತಲೇ ಹೆಸರು.

"ಯಾಕಣ್ಣ ಇದು? ಸುಮ್ನ ಕಾಯತೈತಿ, ದನಿ ತಿಂತೈತಿ," ಎಂದು ತಮ್ಮ ನಬೀಸಾಬ್ ಗೊಣಗುತ್ತಿದ್ದ.

"ಕಾದದ್ದು ಇನ್ನಷ್ಟು ಕರೆಂಟ್ ಎಳೀತೈತಿ ನಬಿ. ಎಳದಷ್ಟೂ ಮತ್ತ ಕಾಯತೈತಿ. ಉಳಿದ ಮೂರು ಆರಾಮ ಕುಂತಿರ್ತಾವ, ಅದೊಂದು ಸಾಯತೈತಿ. ಆಮ್ಯಾಲೆ ಅದರ ಹೊರಿ ಬಿದ್ದು ಇವೂ ಸಾಯ್ತಾವ. ಹಂಗ ಎಳಿಯೋದನ್ನ ಈ ಕಲ್ಲು ತಡೀತೈತಿ."

ನಬಿ ಆಕಳಿಸುತ್ತಿದ್ದ. ತಾಯಿ ಸತ್ತಾಗ ಇನ್ನೂ ಅಂಬೆಗಾಲಿಡುತ್ತಿದ್ದ ಅವನಿಗೆ ಅನ್ನ ಕಲಸಿ ಉಣಿಸಿದ ಕೈಯೇ ಮುಂದೆ ಬೆಸುಗೆ ಹಾಕುವುದನ್ನೂ ಕಲಿಸಿತ್ತು. ಆಕಳಿಕೆಗೆ ದಸ್ತಗೀರಸಾಬ್ ಸಿಟ್ಟಾಗುತ್ತಿರಲಿಲ್ಲ.

ಕುರುಗೋಡಿನ ಗಾದಿಲಿಂಗಪ್ಪ ಹಳೆಯ ಗಿರಾಕಿ. ಊರೂರಿಗೆ ಸೆಟ್ಟು ಹೊತ್ತು ಹೋಗುವ ಅವನ ಬಾಯಿಂದಲೇ ಈ ಅಂಗಡಿಗೆ ಹೆಸರು ಬಂದದ್ದು. ಆ ಬೇಸಿಗೆ ಅವನ ಮಗಳು ಚನ್ನವೀರಮ್ಮನ ಮದುವೆ, ಸಿರುಗುಪ್ಪದಲ್ಲಿ, ಬೀಗರ ರೈಸ್‌ಮಿಲ್ಲಿನ ಅಂಗಳದಲ್ಲಿ. ಅದಕ್ಕೆಂದೇ ಹೊಸ ಸೆಟ್ಟು ಹೇಳಿದ್ದ.

"ಬೀಗರೂರಾಗ ಕೂಗಬೇಕ್ರಿ ಸಾಬರ. ಹೊಳಿ ಆಚಿಗೂ ಕೇಳಬೇಕು. ಆ ಕಡಿ ಸೆಟ್ಟಿನವರೆಲ್ಲ ಬರ್ತಾರ. ನಿಮ್ಮ ಹೆಸರು, ನನ್ನ ಮರ್ಯಾದಿ ಎರಡೂ ಅದರಾಗ ಐತಿ."

"ಹೊಳಿ ದಾಟೋದು ಹಂಗಿರಲಿ, ಮದುವಿ ಮುಗಿಯೋತನಕ ನಡಿಯಾಕಬೇಕು," ಎಂದಿದ್ದ ದಸ್ತಗೀರಸಾಬ್.

ಶುಕ್ರವಾರ ಅವನು ನಮಾಜಿಗೆ ಹೋಗಿ ಬರುವಷ್ಟರಲ್ಲಿ ಹೊಸ ಸೆಟ್ಟು ಬೀದಿ ತುಂಬ ಹಾಡುತ್ತಿತ್ತು. ಅದನ್ನು ಒಯ್ಯಲು ಬಂದಿದ್ದ ಗಾದಿಲಿಂಗಪ್ಪನ ಮುಖ ಅರಳಿತ್ತು.

"ದನಿ ಸಾಲದು ಅಂದೆ. ನಿಮ್ಮ ತಮ್ಮ ಹಿಂಗ ಬಿಚ್ಚಿದ, ಹಂಗ ಏರಿಸಿದ. ಕೈಗುಣ ಇವಂದು."

"ಏನ್ ಮಾಡಿದಿ ಲೇ?"

"ಏನಿಲ್ಲಣ್ಣ. ಒಂದು ವೈರ್ ಸಡ್ಲ ಇತ್ತು."

ದಸ್ತಗೀರಸಾಬನ ಕಿವಿಗೆ ದನಿ ಏರಿದ್ದೇನೂ ಕೇಳಿಸಲಿಲ್ಲ. ಬಿಚ್ಚಿ ನೋಡಬೇಕೆನಿಸಿತು. ಗಿರಾಕಿಯ ಎದುರು ಬಿಚ್ಚಿದರೆ ತಮ್ಮನನ್ನು ನಂಬಲಿಲ್ಲವೆಂದಾಗುತ್ತದೆ. ಸೆಟ್ಟನ್ನು ಹಾಗೆಯೇ ಕಟ್ಟಿಕೊಟ್ಟ.

ಮದುವೆಗೆ ಅಣ್ಣತಮ್ಮ ಇಬ್ಬರೂ ಹೋದರು. ಬೆಳಿಗ್ಗೆಯಿಂದ ಸೆಟ್ಟು ಚೆನ್ನಾಗಿಯೇ ಕೂಗಿತು. ಬಿಸಿಲೇರಿ ತಗಡಿನ ನೆರಳೂ ಕಾದಾಗ, ಸ್ವಾಮಿಗಳು ಆಶೀರ್ವಾದಕ್ಕೆಂದು ಮೈಕು ಹಿಡಿದು ಎರಡು ಮಾತಾಡಿದ್ದರು. ಅಷ್ಟರಲ್ಲೇ ಕಂಬಕ್ಕೆ ಕಟ್ಟಿದ ಹಾರ್ನು ಗುರ್ರೆಂದು ನಿಂತುಹೋಯಿತು. ಸುಟ್ಟ ವಾಸನೆ ಬಂತು.

ಗಂಡಿನ ಕಡೆಯ ಒಬ್ಬ ಹಿರಿಯ, "ಬೀಗರ, ನಿಮ್ಮ ಸೆಟ್ಟಿಗೂ ಹಸಿವಾಗಿತ್ತೇನು? ನಮಗಿಂತ ಮೊದಲ ಊಟಕ್ಕ ಎದ್ದು ಹೋತಲ್ಲ," ಎಂದ. ಹಂದರಕ್ಕೆ ಹಂದರವೇ ನಕ್ಕಿತು. ಗಾದಿಲಿಂಗಪ್ಪನೂ ನಗಲು ನೋಡಿದ, ಆಗಲಿಲ್ಲ.

ದಸ್ತಗೀರಸಾಬ್ ಹಿಂಬದಿಯ ತಗಡು ಬಿಚ್ಚಿದ. ನಾಲ್ಕು ಬಿಳಿ ಕಲ್ಲು, ನಾಲ್ಕರ ನೆತ್ತಿಯ ಮೇಲೂ ಈ ತುದಿಯಿಂದ ಆ ತುದಿಗೆ ತಾಮ್ರದ ತಂತಿ ಬೆಸೆದಿತ್ತು. ಕರೆಂಟು ತಂತಿಯಲ್ಲೇ ಹರಿದು, ಕಲ್ಲಿನೊಳಗೆ ಹೊಕ್ಕೇ ಇರಲಿಲ್ಲ. ತಂತಿಯ ಕೊನೆಗಳನ್ನು ಪುಟ್ಟ ಉಂಗುರದಂತೆ ಸುತ್ತಲಾಗಿತ್ತು. ಹಾಗೆ ಸುತ್ತುವವನು ನಬಿ ಒಬ್ಬನೇ.

ತಗಡು ಹಿಡಿದುಕೊಂಡೇ ತಮ್ಮನ ಮುಖ ನೋಡಿದ. ಅವನೇ ಒಂದು ಮಾತು ಹೇಳಲಿ ಎಂದು ಕಾದ. ನಬಿ ಟವಲಿನಿಂದ ಕುತ್ತಿಗೆ ಒರೆಸಿಕೊಂಡು ಹಂದರದ ಕಂಬ ನೋಡುತ್ತ ನಿಂತ.

"ಏನಾಗೇತ್ರಿ ಸಾಬರ?" ಗಾದಿಲಿಂಗಪ್ಪ ಬಗ್ಗಿ ಕೇಳಿದ.

ಅಷ್ಟು ಜನರ ನಡುವೆ ತಮ್ಮನನ್ನು ಹಿಡಿದುಕೊಡುವುದು ದಸ್ತಗೀರಸಾಬನಿಂದ ಆಗಲಿಲ್ಲ. ತನ್ನ ಹೆಸರು ಹಳೆಯದು, ತಡೆದುಕೊಂಡೀತು ಎಂದುಕೊಂಡ. ಇಕ್ಕಳದಿಂದ ತಂತಿಗಳನ್ನು ಕಿತ್ತು ಮುಷ್ಟಿಯಲ್ಲಿಟ್ಟುಕೊಂಡ.

"ನಂದ ತಪ್ಪು. ಜೋಡಿ ಸರಿ ಕಟ್ಟಿದ್ದಿಲ್ಲ."

"ಎಲ್ಲಾ ಬಿಟ್ಟು ನನ್ನ ಮಗಳ ಮದುವ್ಯಾಗ ತಪ್ಪಿದಿರೇನು?" ಗಾದಿಲಿಂಗಪ್ಪ ನಬಿಯ ಕಡೆ ತಿರುಗಿದ. "ಇನ್ನ ಮ್ಯಾಲೆ ನನ್ನ ಸೆಟ್ಟು ನೀನ ಕಟ್ಟಪ. ನೀ ಮುಟ್ಟಿದಾಗ ಚಲೋ ಕೂಗಿತ್ತು."

ನಬಿ ಆಗ ಹೂಂ ಎಂಬಂತೆ ತಲೆಯಾಡಿಸಿದ.

ವಾಪಸು ಬರುವಾಗ ಬಸ್ಸು ತೆಕ್ಕಲಕೋಟೆಯಲ್ಲಿ ನಿಂತಾಗ ನಬಿ ಹುರಿದ ಶೇಂಗಾ ಕೊಂಡು ಅರ್ಧ ಅಣ್ಣನ ಅಂಗೈಗೆ ಸುರಿದ. ಬಳ್ಳಾರಿ ಮುಟ್ಟುವವರೆಗೂ ಇಬ್ಬರೂ ಅದರ ಸಿಪ್ಪೆ ಸುಲಿಯುತ್ತ ಕುಳಿತರು.

ಮಳೆಗಾಲಕ್ಕೆ ಮೊದಲೇ ನಬೀಸಾಬ್ ಪಕ್ಕದ ಓಣಿಯಲ್ಲಿ ಬೇರೆ ಅಂಗಡಿ ತೆರೆದ. ಮೊದಲ ಗಿರಾಕಿ ಗಾದಿಲಿಂಗಪ್ಪನೇ. ಸಿರುಗುಪ್ಪದವರು ಅವನ ಹಿಂದೆ ಹೋದರು. ಬಸ್ಸಿಳಿದವರು ದಸ್ತಗೀರಸಾಬನ ಅಂಗಡಿ ಮುಂದೆ ಹಾಯುವಾಗ ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡಿಕೊಂಡು ಹೋಗುತ್ತಿದ್ದರು.

ಒಂದು ದಿನ ಮೋಕದ ಹಾಲಸಿದ್ದಪ್ಪ ಒಳಗೆ ಬಂದು, ಕೂಡದೆ ನಿಂತೇ ಕೇಳಿದ.

"ನಿಮ್ಮ ತಮ್ಮ ಒಂದೊಂದು ಟ್ರಾನ್ಸಿಸ್ಟರಿಗೂ ಬಿಳಿ ಕಲ್ಲು ಹಾಕ್ತಾನ್ರಿ. ಕಾದದ್ದು ಇನ್ನಷ್ಟು ಎಳೀತೈತಂತ, ಕಲ್ಲು ಅದನ್ನ ತಡೀತೈತಂತ. 'ನಮ್ಮಣ್ಣಗ ಇದು ಗೊತ್ತಿದ್ದಿಲ್ಲ, ಅದಕ್ಕ ಸಿರುಗುಪ್ಪದಾಗ ಸುಟ್ಟಿತು' ಅಂದ. ನೀವೂ ಹಾಕ್ತೀರೇನು?"

ದಸ್ತಗೀರಸಾಬ್ ಮೀಟರಿನ ಮುಳ್ಳು ನಿಲ್ಲುವವರೆಗೆ ನೋಡಿದ. ಕೈಯಲ್ಲಿದ್ದ ಟ್ರಾನ್ಸಿಸ್ಟರನ್ನು ಅದರ ಜೋಡಿಯ ಪಕ್ಕಕ್ಕಿಟ್ಟ.

"ಹಾಕ್ತೀನಪ," ಎಂದ. "ಈಗ ಕಲ್ತೀನಿ."