ಬಿಸಿ ಆರದ ಹಾಸಿಗೆ

ಹೆಬ್ಬಗೋಡಿಯ ಬಾಡಿಗೆ ರೂಮುಗಳಲ್ಲಿ ಒಂದು ಪದ್ಧತಿ ಇದೆ. ಒಂದು ಹಾಸಿಗೆಗೆ ಇಬ್ಬರು. ಒಬ್ಬ ಹಗಲು ಪಾಳಿಗೆ ಎದ್ದು ಹೋಗುತ್ತಾನೆ, ಇನ್ನೊಬ್ಬ ರಾತ್ರಿ ಪಾಳಿ ಮುಗಿಸಿ ಬಂದು ಅದರಲ್ಲೇ ಮಲಗುತ್ತಾನೆ. ಹಾಸಿಗೆಯ ಬಿಸಿ ಆರುವುದೇ ಇಲ್ಲ.

ನಮ್ಮ ಮನೆಯ ಹಿಂದೆ ನಾನು ಬಾಡಿಗೆಗೆ ಕೊಟ್ಟಿರುವ ಆರು ರೂಮುಗಳಲ್ಲೂ ಹೀಗೆಯೇ. ಇದನ್ನು ನಾನು ಬಹಳ ವರ್ಷ ನೋಡಿ ಮೆಚ್ಚಿಕೊಂಡಿದ್ದೆ. ಹೋಗುವವನು ಬರುವವನಿಗಾಗಿ ಹೊದಿಕೆ ಕೊಡವಿ ಇಡುತ್ತಾನೆ. ಚಹಾ ಮಾಡಿದರೆ ಅರ್ಧ ಲೋಟ ಮುಚ್ಚಿಡುತ್ತಾನೆ. ಕೊಪ್ಪಳದ ಕಡೆಯ ಈಶಪ್ಪ ಎಂಬ ಹುಡುಗನಂತೂ ಎರಡು ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ದಿಂಬಿನ ಪಕ್ಕ ಇಟ್ಟೇ ಫ್ಯಾಕ್ಟರಿಗೆ ಹೊರಡುತ್ತಿದ್ದ. ಅದು ಅವನ ಹಾಸಿಗೆಯ ಜೊತೆಗಾರ ಮರೆಪ್ಪನಿಗೆ.

ಆ ಈಶಪ್ಪ ಎರಡು ಸಾವಿರದ ಒಂಬತ್ತರ ಆಗಸ್ಟಿನಲ್ಲಿ ತೀರಿಕೊಂಡ. ಇಪ್ಪತ್ತನಾಲ್ಕು ವರ್ಷ. ತುಂಬಿದ ನೀರಿನ ಡ್ರಮ್ಮನ್ನು ಒಬ್ಬನೇ ಸರಿಸುತ್ತಿದ್ದ ಹುಡುಗ. ಸೋಮವಾರ ಗಂಟಲು ಕೆರೆಯುತ್ತದೆ ಎಂದ. ಗುರುವಾರ ಉಸಿರಾಡಲು ಆಗುವುದಿಲ್ಲ ಎಂದ, ಆಸ್ಪತ್ರೆಗೆ ಸೇರಿಸಿದೆವು. ಶನಿವಾರ ಆಸ್ಪತ್ರೆಯಿಂದ ಫೋನು ಬಂತು. ಹಂದಿಜ್ವರ ಎಂದರು. ಆ ದಿನ ನಮ್ಮ ಅಂಗಳದಲ್ಲಿ ಯಾರೂ ಗಟ್ಟಿಯಾಗಿ ಅಳಲೂ ಇಲ್ಲ. ಅಳಬೇಕಾದರೆ ಮೊದಲು ನಂಬಬೇಕಲ್ಲ. ನಲ್ಲಿಯ ಕೆಳಗೆ ಯಾರೋ ಇಟ್ಟ ಕೊಡ ತುಂಬಿ ಹರಿಯುತ್ತಲೇ ಇತ್ತು. ನಿಲ್ಲಿಸಬೇಕೆಂದು ಯಾರಿಗೂ ತೋಚಲಿಲ್ಲ.

ಈಶಪ್ಪನ ತಾಯಿ ಸಿದ್ದಕ್ಕ ಪಕ್ಕದ ರೂಮಿನಲ್ಲೇ ಇದ್ದಾಳೆ. ಹೊಸೂರು ರಸ್ತೆಯ ಒಂದು ಆಸ್ಪತ್ರೆಯಲ್ಲಿ ವಾರ್ಡು ಸ್ವಚ್ಛ ಮಾಡುವ ಕೆಲಸ. ಜೊತೆಗೆ ಮಗಳು ಶಿವಗಂಗಾ. ಅಳಿಯ ಸರ್ಜಾಪುರದ ಕಡೆ ಕಟ್ಟಡದ ಕೆಲಸದಲ್ಲಿ ಇರುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಶಿವಗಂಗಾಳಿಗೆ ಹೆಣ್ಣು ಮಗುವಾಯಿತು. ಸಿದ್ದಕ್ಕ ಮತ್ತೆ ನಗಲು ಕಲಿತದ್ದು ಆ ಮಗುವಿನಿಂದ.

ಆ ಬೇಸಿಗೆಯಲ್ಲೇ ಹಂದಿಜ್ವರಕ್ಕೆ ಲಸಿಕೆ ಬಂತು. ಮೊದಲು ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರಿಗೆ ಎಂದರು. ಪಟ್ಟಿಯಲ್ಲಿ ಸಿದ್ದಕ್ಕನ ಹೆಸರೂ ಇತ್ತು.

ಒಂದು ಶುಕ್ರವಾರ ಸಂಜೆ ಸಿದ್ದಕ್ಕ ಬಸ್ಸಿಳಿದು ಬಂದಳು. ಜೊತೆಯಲ್ಲಿ ಅವಳ ವಾರ್ಡಿನ ನರ್ಸು ಯಮುನಾ. ಸಮವಸ್ತ್ರದ ಸಿದ್ದಕ್ಕನ ಪಕ್ಕ ಕೂರಲು ಬಸ್ಸಿನಲ್ಲಿ ಕೆಲವರು ಹಿಂಜರಿಯುತ್ತಾರೆ. ಯಮುನಾ ಮಾತ್ರ ಕಿಟಕಿಯ ಸೀಟಿಗೆ ಬ್ಯಾಗು ಇಟ್ಟು ಅವಳಿಗಾಗಿ ಜಾಗ ಹಿಡಿಯುತ್ತಾಳೆ. ನಮ್ಮ ಮರದ ನುಗ್ಗೆಸೊಪ್ಪು ಬೇಕೆಂದು ಆಗಾಗ ಬರುವವಳು, ಆ ದಿನ ಸೊಪ್ಪನ್ನು ಕೇಳಲೇ ಇಲ್ಲ.

"ಅಮ್ಮಾ, ನೀವಾದ್ರೂ ಇವ್ರಿಗೆ ಸ್ವಲ್ಪ ಹೇಳಿ. ಲಸಿಕೆಗೆ ನಾಳೆ ಕೊನೇ ದಿನ. ಉಳಿದಿದ್ದನ್ನ ವಾಪಸ್ ಕಳಿಸ್ತಾರೆ" ಎಂದಳು.

"ಅಮ್ಮಾರು ಏನ್ ಹೇಳ್ತಾರ್ರಿ?" ಎಂದಳು ಸಿದ್ದಕ್ಕ, ಚಪ್ಪಲಿ ಬಿಡುತ್ತ. "ಹೊಸಾ ಸೂಜಿ. ನಿನ್ನೆ ಮೊನ್ನೆ ಬಂದದ್ದು. ಕಸ ಹೊಡಿಯೋರನ್ನ ಮೊದಲು ಕರೀತಾರಂದ್ರ ಏನ್ರಿ ಅರ್ಥ? ನಮ್ಮ ಮ್ಯಾಲೆ ಹಾಕಿ ನೋಡ್ತಾರ. ನಾವು ಬದುಕಿದ್ರ ಆಮ್ಯಾಲೆ ದೊಡ್ಡೋರು."

ಒಗೆಯುವ ಕಲ್ಲಿನ ಮೇಲೆ ಕುಳಿತು ಶೂ ತಿಕ್ಕುತ್ತಿದ್ದ ಮರೆಪ್ಪ ನಕ್ಕ. ಈಶಪ್ಪನ ನಂತರ ಅವನಿಗೂ ಅದೇ ಜ್ವರ ಬಂದಿತ್ತು. ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಉಳಿದುಕೊಂಡ. ಜೊತೆಗಾರನ ತಾಯಿಯನ್ನು ಅವನು ಚಿಕ್ಕಮ್ಮನೆಂದು ಚಿಗವ್ವ ಎಂದೇ ಕರೆಯುತ್ತಾನೆ. "ಚಿಗವ್ವ, ವಾರ್ಡಿನ್ಯಾಗ ಫಿನಾಯಿಲ್ ವಾಸನಿ ಕುಡುದು ಬದುಕಿದಾಕಿ ನೀನು. ನಿನಗ ಸೂಜಿ ಏನ್ ಮಾಡ್ತೈತಿ?"

"ಬಾಯಿ ಮುಚ್ಚಲೇ. ನಿನಗ ಎಲ್ಲಾ ನಗಿನ." ಅವಳ ದನಿ ಒಡೆಯಿತು. "ನನ್ನ ಮಗಗ ಆಸ್ಪತ್ರ್ಯಾಗ ಎಷ್ಟು ಸೂಜಿ ಚುಚ್ಚಿದ್ರು. ಚುಚ್ಚಿದ ಮ್ಯಾಲೇನ ಹ್ವಾದ. ನಾ ಕಣ್ಣಾರ ನೋಡೀನಿ."

ಯಮುನಾ ಅವಳ ಪಕ್ಕ ಮೆಟ್ಟಿಲ ಮೇಲೆ ಕುಳಿತಳು. "ಸಿದ್ದಕ್ಕ, ಅವು ಆಗಲೇ ಬಂದ ಕಾಯಿಲೆಗೆ ಕೊಟ್ಟ ಔಷಧ. ಅಷ್ಟೊತ್ತಿಗೆ ಅವನ ಶ್ವಾಸಕೋಶ ತುಂಬ ಕೆಟ್ಟುಹೋಗಿತ್ತು. ಇದು ಕಾಯಿಲೆ ಬರೋ ಮುಂಚೆ ಹಾಕೋದು. ಹೊಸದು ಅಂತೀರಲ್ಲ, ವೈರಸ್ ಹೊಸದು. ಲಸಿಕೆ ಮಾಡೋ ರೀತಿ ಹಳೇದು. ಫ್ಲೂ ಜ್ವರಕ್ಕೆ ವರ್ಷಾ ವರ್ಷಾ ಹೀಗೇ ಮಾಡ್ತಾರೆ. ಇದರಲ್ಲಿರೋದು ಸತ್ತ ವೈರಸ್ಸು. ಅದಕ್ಕೆ ಕಾಯಿಲೆ ತರೋಕಾಗಲ್ಲ. ನಿಜವಾದ ವೈರಸ್ ಬಂದ್ರೆ ಗುರುತು ಹಿಡಿಯೋಕೆ ಮೈಗೆ ಕಲಿಸುತ್ತೆ, ಅಷ್ಟೇ."

"ಏನೂ ಆಗಂಗಿಲ್ಲೇನ್ರಿ ಹಂಗಾರ?"

"ಏನೂ ಆಗಲ್ಲ ಅಂತ ಸುಳ್ಳು ಹೇಳಲ್ಲ. ತೋಳು ನೋಯುತ್ತೆ. ಕೆಲವರಿಗೆ ಒಂದೆರಡು ದಿನ ಮೈ ಬೆಚ್ಚಗಾಗುತ್ತೆ. ತುಂಬ ಅಪರೂಪಕ್ಕೆ ಯಾರಿಗಾದ್ರೂ ಒಗ್ಗದೇ ಇರಬಹುದು. ಅದಕ್ಕೇ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸ್ತೀವಿ, ಡಾಕ್ಟರ್ ಇರ್ತಾರೆ. ಇದನ್ನ ಕೋಳಿಮೊಟ್ಟೆಯಲ್ಲಿ ಬೆಳೆಸಿ ಮಾಡ್ತಾರೆ. ಮೊಟ್ಟೆ ತಿಂದ್ರೆ ಮೈಯೆಲ್ಲ ದದ್ದು ಬರುತ್ತಾ ನಿಮಗೆ?"

"ಆಕಿಗೆ ಮೊಟ್ಟಿ ಕೊಟ್ಟು ನೋಡ್ರಿ, ತಾಟು ಸುದ್ದಾ ಉಳಿಯಂಗಿಲ್ಲ" ಎಂದ ಮರೆಪ್ಪ.

ಸಿದ್ದಕ್ಕನೂ ನಕ್ಕಳು. ನಾನು ಅಂದುಕೊಂಡೆ, ಇನ್ನೇನು ಒಪ್ಪಿದಳು ಎಂದು. ಆಗ ಅವಳು ಯಮುನಾಳ ಮುಖವನ್ನು ನೇರವಾಗಿ ನೋಡಿ ಕೇಳಿದಳು.

"ಸಿಸ್ಟರ್ರ, ನೀವು ಹಾಕ್ಕೊಂಡ್ರ್ಯಾ?"

ಯಮುನಾ ಸೆರಗಿನ ಪಿನ್ನು ಸರಿ ಮಾಡಿಕೊಂಡಳು. ನುಗ್ಗೆ ಮರದ ಕಡೆ ನೋಡಿದಳು.

"ಇಲ್ಲ" ಎಂದಳು ಕೊನೆಗೆ.

ಮರೆಪ್ಪನ ಕೈಯ ಬ್ರಷ್ಷು ನಿಂತಿತು. ಇಷ್ಟೆಲ್ಲ ತಿಳಿದ ಹುಡುಗಿ, ಇಷ್ಟು ಚೆನ್ನಾಗಿ ಹೇಳಿದ ಹುಡುಗಿ!

"ನಮ್ಮ ವಾರ್ಡಲ್ಲಿ ನಲವತ್ತು ಜನ. ಹಾಕಿಸ್ಕೊಂಡಿರೋದು ಏಳೇ" ಎಂದಳು ಯಮುನಾ. ಅವಳ ಕಣ್ಣು ತುಂಬಿತ್ತು. "ಒಬ್ರು ಇನ್ನೊಬ್ರನ್ನ ನೋಡ್ಕೊಂಡು ಕೂತಿದೀವಿ. ನಾನು ಓದಿದೀನಿ, ನನಗೆ ಗೊತ್ತು. ಆದ್ರೂ ಭಯ ಆಯ್ತು. ನಿಮಗೆ ಹೇಳ್ತಾ ನನಗೇ ಹೇಳ್ಕೊಳ್ತಿದ್ದೆ ಅನ್ಸುತ್ತೆ."

ಸಿದ್ದಕ್ಕ ಮುಖ ತಿರುಗಿಸಿದಳು. "ಹಂಗಾರ ಮುಗೀತು ಬಿಡ್ರಿ."

ಮುಗಿಯುತ್ತಿತ್ತೇನೋ. ಆದರೆ ಮರೆಪ್ಪ ಬಾಯಿ ತೆರೆದ. ಈ ಸಲ ನಗಲಿಲ್ಲ.

"ಚಿಗವ್ವ, ನಿನಗ ಒಂದು ಮಾತು ಹೇಳಿಲ್ಲ ನಾನು. ಎಂಟು ತಿಂಗಳಾತು, ಗಂಟಲಾಗ ಸಿಕ್ಕೊಂಡೈತಿ. ಆ ಸೋಮವಾರ ಮುಂಜಾನಿ ನಾ ಪಾಳಿ ಮುಗಿಸಿ ಬಂದೆ. ಈಶ ಎದ್ದು ಹೋಗಿದ್ದ. ಹಾಸಿಗಿ ಭಾಳ ಬಿಸಿ ಇತ್ತು. ದಿನಕ್ಕಿಂತ ಬಿಸಿ. ನಾ ನಕ್ಕೊಂತ ಮಲಕೊಂಡೆ. ಮಗ ಇವತ್ತು ಭಾರೀ ಬೆಚ್ಚಗ ಮಾಡಿ ಹೋಗ್ಯಾನ ಅಂತ." ಅವನು ಶೂ ಕೆಳಗಿಟ್ಟ. "ಅದು ಜ್ವರ ಇತ್ತು, ಚಿಗವ್ವ. ನಮ್ಮ ಹಾಸಿಗಿ ಯಾವತ್ತೂ ಬಿಸೀನ ಇರ್ತೈತಿ. ಹಿಂಗಾಗಿ ಗೊತ್ತಾಗ್ಲಿಲ್ಲ."

ನಾನು ಇಷ್ಟು ವರ್ಷ ಮೆಚ್ಚಿಕೊಂಡಿದ್ದ ಆ ಬೆಚ್ಚಗಿನ ಹಾಸಿಗೆ! ಆಗ ನನ್ನ ಬಾಯಿಂದಲೂ ಮಾತು ಹೊರಬಿತ್ತು. ಆಗ ಹೇಳದಿದ್ದರೆ ಎಂದೂ ಹೇಳುತ್ತಿರಲಿಲ್ಲ.

"ಸಿದ್ದಕ್ಕ, ಆವತ್ತು ಬೆಳಿಗ್ಗೆ ಅವನು ನನ್ನ ಹತ್ರ ಬಂದಿದ್ದ. ಫ್ಯಾಕ್ಟರಿ ಗೇಟಲ್ಲಿ ಜ್ವರ ನೋಡ್ತಾರೆ, ಇದ್ರೆ ವಾಪಸ್ ಕಳಿಸ್ತಾರೆ, ಒಂದು ಮಾತ್ರೆ ಕೊಡಿ ಅಮ್ಮಾರೆ ಅಂದ. ಕೊಟ್ಟೆ. ಮೂರು ದಿನ ಕೊಟ್ಟೆ. ಎಲ್ಲ ಹುಡುಗರಿಗೂ ಕೊಡ್ತಿದ್ದೆ. ಗೇಟ್ ದಾಟೋವರೆಗೆ ಜ್ವರ ಕಾಣಿಸಬಾರದು ಅಂತ ನುಂಗ್ತಿದ್ರು. ಉಪಕಾರ ಮಾಡ್ತಿದೀನಿ ಅಂದ್ಕೊಂಡಿದ್ದೆ ಕಣಮ್ಮ."

ಸಿದ್ದಕ್ಕ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಎದ್ದು ಬಂದು ನನ್ನ ಜಾರಿದ ಶಾಲನ್ನು ಹೆಗಲಿಗೆ ಎಳೆದು ಹಾಕಿದಳು.

"ನೀವು ಜ್ವರ ಇಳೀಲಿ ಅಂತ ಕೊಟ್ರಿ, ಅಮ್ಮಾರ" ಎಂದಳು.

ಬಾಗಿಲಲ್ಲಿ ಶಿವಗಂಗಾ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಸಿದ್ದಕ್ಕ ಅತ್ತ ತಿರುಗಿದವಳು ತಟ್ಟನೆ ನಿಂತಳು.

"ಶಿವಗಂಗಾ, ನಾ ಮುಂಜಾನಿ ಎದ್ದ ಕೂಡ್ಲೇ ಕೂಸಿನ್ನ ಎಲ್ಲಿ ಮಲಗಸ್ತಿ?"

"ನಿನ್ನ ಜಾಗದಾಗ. ಬೆಚ್ಚಗಿರ್ತೈತಿ ಅಂತ."

"ಮಲಗಸಬ್ಯಾಡ. ಇಡೀ ದಿನ ನಾ ಜ್ವರದವರ ನಡುವ ಇರ್ತೀನಿ. ಮಲಗಸಬ್ಯಾಡ."

"ಮತ್ತ ಎಲ್ಲಿ ಮಲಗಸ್ಲೆವ್ವಾ? ಇರೋದ ಒಂದು ಹಾಸಿಗಿ."

ಸಿದ್ದಕ್ಕ ಯಮುನಾಳತ್ತ ನೋಡಿದಳು. "ಸಿಸ್ಟರ್ರ, ಆ ಸೂಜಿ ಕೂಸಿಗೆ ಹಾಕ್ರಿ. ನಂದು ಕೂಸಿಗೆ ಹಾಕ್ರಿ."

"ಆರು ತಿಂಗಳ ಒಳಗಿನ ಮಕ್ಕಳಿಗೆ ಹಾಕೋ ಹಾಗಿಲ್ಲ, ಸಿದ್ದಕ್ಕ. ಅದನ್ನ ಎತ್ಕೊಳ್ಳೋರು ಹಾಕಿಸ್ಕೊಳ್ಳಬೇಕು. ನಮಗೆ ಬರೋದು ಕಮ್ಮಿ ಆದ್ರೆ ಅದಕ್ಕೆ ಹರಡೋದೂ ಕಮ್ಮಿ ಆಗುತ್ತೆ." ಯಮುನಾ ಕಣ್ಣೊರೆಸಿಕೊಂಡಳು. "ನಾಳೆ ಒಂಬತ್ತು ಗಂಟೆಗೆ ನಾನು ಮೊದಲು ಕೂತ್ಕೊತೀನಿ. ನೀವು ನೋಡಿ. ನೋಡಿದ ಮೇಲೆ ಬೇಡ ಅನ್ಸಿದ್ರೆ ಬೇಡ."

ಮರುದಿನ ಸಿದ್ದಕ್ಕ ಕರೆದಳೆಂದು ನಾನೂ ಹೋದೆ. ಆಸ್ಪತ್ರೆಯ ಒಂದು ಕೋಣೆಯಲ್ಲಿ ಮೇಜು, ಒಂದು ತಣ್ಣನೆಯ ಪೆಟ್ಟಿಗೆ, ಖಾಲಿ ಬೆಂಚುಗಳು. ಬಾಗಿಲ ಹೊರಗೆ ಮಾತ್ರ ಜನ. ಅಡುಗೆಯವರು, ಲಿಫ್ಟಿನವರು, ನರ್ಸುಗಳು, ಎಲ್ಲರೂ ಇಣುಕುತ್ತಿದ್ದರು. ಒಳಗೆ ಬರುವವರಿಲ್ಲ.

ಯಮುನಾ ತೋಳು ಏರಿಸಿ ಕುಳಿತಳು. ಇನ್ನೊಬ್ಬ ನರ್ಸು ಸಿರಿಂಜು ಹಿಡಿದಾಗ ಯಮುನಾಳ ಬೆರಳುಗಳು ಸ್ಟೂಲಿನ ಅಂಚನ್ನು ಬಿಗಿಹಿಡಿದವು. ಸಿದ್ದಕ್ಕ ಹೋಗಿ ಆ ಬೆರಳುಗಳನ್ನು ತನ್ನ ಒರಟು ಅಂಗೈಯಲ್ಲಿ ಮುಚ್ಚಿಕೊಂಡಳು. ಯಮುನಾ ದಿನವೂ ರೋಗಿಗಳಿಗೆ ಹೇಳುವ ಮಾತನ್ನೇ ಸಿದ್ದಕ್ಕ ಅವಳಿಗೆ ತಿರುಗಿಸಿ ಹೇಳಿದಳು: "ಆ ಕಡಿ ನೋಡ್ರಿ, ಇರಬಿ ಕಡಿದಂಗ ಅಷ್ಟ."

ಆಮೇಲೆ ಯಾರೂ ಕರೆಯುವ ಮೊದಲೇ ಸಿದ್ದಕ್ಕ ತಾನೇ ಸ್ಟೂಲಿನ ಮೇಲೆ ಕುಳಿತಳು. ಪುಸ್ತಕದಲ್ಲಿ ನಿಧಾನವಾಗಿ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ಸೂಜಿ ಹೋದದ್ದೂ ಬಂದದ್ದೂ ಅವಳಿಗೆ ಗೊತ್ತಾಗಲಿಲ್ಲ.

"ಆತೇನ್ರಿ? ಇಷ್ಟಾ?"

ಬೆಂಚಿನ ಮೇಲೆ ಅರ್ಧ ಗಂಟೆ ಮೂವರೂ ಕುಳಿತೆವು. ಸಿದ್ದಕ್ಕ ತೋಳಿನ ಹತ್ತಿಯನ್ನು ಒತ್ತಿ ಹಿಡಿದು ಏನೋ ಯೋಚಿಸುತ್ತಿದ್ದಳು.

"ಸಿಸ್ಟರ್ರ, ಇದು ಹ್ವಾದ ವರ್ಷ ಆಗಸ್ಟಿನ್ಯಾಗ ಇರಲಿಲ್ಲೇನ್ರಿ?"

"ಇರಲಿಲ್ಲ, ಸಿದ್ದಕ್ಕ. ಆಗ ಎಲ್ಲೂ ಇರಲಿಲ್ಲ."

ಅವಳು ತಲೆಯಾಡಿಸಿದಳು. ಕಣ್ಣೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. "ಇದ್ದಿದ್ರ ನಾನ ಎತ್ತಿಕೊಂಡು ಬರ್ತಿದ್ದೆ ಅವನ್ನ. ಈಗ ಐತಿ ಅಂದ್ರ ಬ್ಯಾಡ ಅಂತ ಕುಂತಿದ್ನಲ್ಲ ನಾನು."

ಬಾಗಿಲ ಹೊರಗಿನವರಿಗೆ ಈ ಮಾತು ಕೇಳಿಸಿತು. ಮೊದಲು ಒಳಗೆ ಬಂದವರು ಅಡುಗೆಯವರು.

ಸಿದ್ದಕ್ಕನ ತೋಳು ಎರಡು ದಿನ ನೋಯಿತು. ಭಾನುವಾರ ಸಂಜೆ ಸ್ವಲ್ಪ ಮೈ ಬಿಸಿಯಾಗಿ ಮರುದಿನ ಇಳಿಯಿತು. ಲಸಿಕೆ ಮೈಗೆ ಹತ್ತಲು ಎರಡು ವಾರ ಬೇಕೆಂದು ಯಮುನಾ ಹೇಳಿದ್ದಳು. ಅಷ್ಟು ದಿನದ ಮಟ್ಟಿಗೆ ಮರೆಪ್ಪ ಜಂತಿಗೆ ಕೊಕ್ಕೆ ಹೊಡೆದು, ನನ್ನ ಹಳೆಯ ಸೀರೆಯಲ್ಲಿ ಮಗುವಿಗೆ ಜೋಲಿ ಕಟ್ಟಿಕೊಟ್ಟ. ನನ್ನ ಮಾತ್ರೆ ಡಬ್ಬಿ ಈಗಲೂ ಇದೆ. ಆದರೆ ಮಾತ್ರೆ ಕೇಳಿ ಬಂದವರನ್ನು ಗೇಟಿಗೆ ಕಳಿಸುವುದಿಲ್ಲ, ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ.

ಈಗ ಲಸಿಕೆ ನಮ್ಮಂಥ ಎಲ್ಲರಿಗೂ ಸಿಗತೊಡಗಿದೆ. ಓದುತ್ತಿರುವ ತಾಯಿ, ತಂದೆ, ಪಾಳಿಗೆ ಹೊರಟ ಮಗನೇ, ನಿನಗೆ ಭಯವಿದ್ದರೆ ಅದು ತಪ್ಪಲ್ಲ. ಆ ಭಯವನ್ನು ಮನೆಯಲ್ಲೇ ಇಟ್ಟುಕೊಳ್ಳಬೇಡ, ಲಸಿಕೆ ಹಾಕುವವರ ಮುಂದೆ ಇಡು. ಏನಾಗುತ್ತದೆ, ಯಾರಿಗೆ ಹಾಕಬಾರದು, ನೀವು ಹಾಕಿಸಿಕೊಂಡಿರಾ ಎಂದು ಸಿದ್ದಕ್ಕನ ಹಾಗೆ ಮುಖ ನೋಡಿ ಕೇಳು. ಉತ್ತರ ಸಿಕ್ಕಿದ ಮೇಲೆ ತೋಳು ಏರಿಸು. ಜ್ವರ ಬಂದರೆ ಮಾತ್ರೆ ನುಂಗಿ ಅದನ್ನು ಬಚ್ಚಿಡಬೇಡ. ಉಸಿರು ಕಟ್ಟುವಂತಾದರೆ ಒಂದು ಗಂಟೆಯನ್ನೂ ಕಾಯಬೇಡ.

ನೀನು ಎದ್ದು ಹೋದ ಜಾಗದಲ್ಲಿ ಮತ್ತೊಬ್ಬರು ಬಂದು ಮಲಗುತ್ತಾರೆ. ಅವರಿಗೆ ಅಲ್ಲಿ ನಿನ್ನ ಮೈಯ ಬಿಸುಪು ಮಾತ್ರ ಸಿಗಲಿ.