ಸಾಕಮ್ಮ ಹರಿಗೋಲು ಹತ್ತಿದ್ದು

ಕಬಿನಿ ಅಣೆಕಟ್ಟು ತುಂಬಿದ ವರ್ಷ ಅಂತರಸಂತೆಯಾಚೆಯ ಕಾಡಿನಲ್ಲಿ ನೀರು ಏರತೊಡಗಿತು. ಪ್ರಾಣಿಗಳನ್ನು ದಡ ಮುಟ್ಟಿಸುತ್ತಿದ್ದವನು ನೀರುನಾಯಿ ಚಲುವಯ್ಯ. ಅವನಲ್ಲಿ ತೊಗಲು ಹೊದಿಸಿದ ಹರಿಗೋಲಿತ್ತು. ಕೊನೆಗೆ ದಿಬ್ಬದ ಮೇಲೆ ಉಳಿದವರು ಮೊಲ ಪುಟ್ಟತಾಯಮ್ಮ ಮತ್ತು ಅವಳ ಗೆಳತಿ, ಮುಳ್ಳುಹಂದಿ ಸಾಕಮ್ಮ.

“ನೀನು ಬರಂಗಿಲ್ಲ ಕಣಕ್ಕ. ಎದರಿದ್ರೆ ಮುಳ್ಳು ನಿಗುರಿಸ್ತೀಯ, ತೊಗಲು ತೂತಾಯ್ತದೆ,” ಎಂದ ಚಲುವಯ್ಯ.

“ನಾನ್ಯಾವತ್ಲಾ ಎದರಿದ್ದು?” ಎಂದಳು ಸಾಕಮ್ಮ. ಅಷ್ಟಕ್ಕೇ ಬೆನ್ನಿನ ಮುಳ್ಳೆಲ್ಲ ಎದ್ದು ನಿಂತವು.

ಪುಟ್ಟತಾಯಮ್ಮ ನಕ್ಕಳು, ಆದರೆ ಒಬ್ಬಳೇ ಹರಿಗೋಲು ಹತ್ತಲಿಲ್ಲ. ಬಿದಿರುಪುಟ್ಟಿಯ ಸಂದು ಮುಚ್ಚಲು ಊರ ಹೆಂಗಸರು ಸಗಣಿ ಮೆತ್ತುವುದನ್ನು ಅವಳು ಬೇಲಿ ಸಂದಿಯಿಂದ ಕಂಡಿದ್ದಳು. ದಿಬ್ಬದಲ್ಲಿ ಸಗಣಿ ಇರಲಿಲ್ಲ, ಆನೆ ಲದ್ದಿ ಧಾರಾಳವಾಗಿತ್ತು. ಅದಕ್ಕೆ ಹುತ್ತದ ಮಣ್ಣು ಕಲಸಿದಳು.

“ಲದ್ದಿಯಾ? ನನ್ ಮೈಗಾ?”

“ಬ್ಯಾಡ ಅಂದ್ರೆ ಬುಡು. ಮುಳುಗು.”

ಸಾಕಮ್ಮ ಬೆನ್ನು ಕೊಟ್ಟಳು. ಮುಳ್ಳು ಏಳದಂತೆ ಮೆತ್ತಿದ್ದು ಒಣಗುವಷ್ಟರಲ್ಲಿ ನೀರು ಹೊಟ್ಟೆ ಮುಟ್ಟಿತ್ತು. ಚಲುವಯ್ಯ ಬೆನ್ನು ತಟ್ಟಿ ನೋಡಿ, ಹತ್ತಿಸಿಕೊಂಡ.

ನಡುನೀರಿನಲ್ಲಿ ಮೊಸಳೆಯೊಂದು ಪಕ್ಕದಲ್ಲೇ ತಲೆ ಎತ್ತಿತು. ಸಾಕಮ್ಮ ನಡುಗಿದಳು, ಮೆತ್ತಿದ್ದು ಬಿರುಕು ಬಿಟ್ಟಿತು, ಉದುರಲಿಲ್ಲ. ಮೊಸಳೆ ಮೂಸಿ ನೋಡಿ ಮುಖ ತಿರುಗಿಸಿತು.

ದಡದಲ್ಲಿದ್ದ ಜಿಂಕೆಗಳು ಮೂಗು ಮುಚ್ಚಿಕೊಂಡವು. ಸಾಕಮ್ಮ ಹೋಗಿ ಅವುಗಳ ನಡುವೆಯೇ ಕುಳಿತಳು.