ಮೂವತ್ತೊಂದನೇ ವಾರದ ಬಾಡಿಗೆ

ಬೀದಿಯ ಚರಂಡಿ ಅಗೆಯಲು ಬಂದವರು ಕನ್ನಡಕದಂಗಡಿಯ ಮೆಟ್ಟಿಲನ್ನೂ ಕಿತ್ತುಹಾಕಿದರು. "ಹತ್ತು ದಿನ ನಿಮ್ಮಂಗಡಿಗೆ ಯಾರೂ ಹತ್ತಕ್ಕಾಗಲ್ಲ" ಎಂದ ಮೇಸ್ತ್ರಿ. ಇಪ್ಪತ್ತೆಂಟು ವರ್ಷ ಒಂದು ದಿನವೂ ಬಾಗಿಲು ಹಾಕದೆ ಮಸೂರ ಕೂರಿಸುತ್ತಿದ್ದ ಅಂಗಡಿಯಾಕೆಗೆ, ಹಾಗಿದ್ದರೆ ಗಂಡನ ಜೊತೆ ಸಮುದ್ರ ನೋಡಿಬರೋಣ ಎನ್ನಿಸಿತು.

ಫೋನಿನಲ್ಲಿ ಹುಡುಕಿದಾಗ ಒಂದು ಜಾಹೀರಾತು ಸಿಕ್ಕಿತು: ‘ದ್ವೀಪದ ರೆಸಾರ್ಟು. ಟೈಮ್‌ಶೇರ್ ಬಾಡಿಗೆಗಿದೆ. ಊಟ, ತಿಂಡಿ, ದೋಣಿ, ಎಲ್ಲವೂ ಸೇರಿ. ವರ್ಷದ ಮೂವತ್ತೊಂದನೇ ವಾರ, ಅಂದರೆ ಬರುವ ವಾರ.’ ಕರೆ ಮಾಡಿದಳು. ಎತ್ತಿದವರು ವಯಸ್ಸಾದ ಹೆಂಗಸು.

"ರೂಮು ನಿಮ್ಮದಾ ಅಮ್ಮ?"

"ಅಯ್ಯೋ, ರೂಮು ನಂದಲ್ಲ. ವಾರ ನಂದು."

"ವಾರ ಅಂದ್ರೆ?"

"ವರ್ಷಕ್ಕೊಂದು ವಾರ ಅಲ್ಲಿ ಇರೋ ಹಕ್ಕು ಕಣಮ್ಮ. ನಮ್ಮೆಜಮಾನ್ರು ಕೊಂಡಿದ್ದು. ಈ ಸಲ ನಾನು ಹೋಗ್ತಿಲ್ಲ."

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡನಿಗೆ ಇದರ ತಲೆಬುಡ ತಿಳಿಯಲಿಲ್ಲ. "ಮನೆ ಬಾಡಿಗೆ ಕೇಳಿದ್ದೀನಿ, ಸೈಕಲ್ ಬಾಡಿಗೆ ಕೇಳಿದ್ದೀನಿ. ವಾರಾನೂ ಕೊಡ್ತಾರೇನೇ? ಮಿಕ್ಕಿದ ವಾರಗಳು ಯಾರದ್ದು?"

"ಬೇರೆ ಬೇರೆಯವರದ್ದಂತೆ ರೀ."

"ಅಷ್ಟೂ ಜನಕ್ಕೆ ಒಂದೇ ಹಾಸಿಗೇನಾ!"

ಅನುಮಾನ ಪರಿಹಾರವಾಗಲೆಂದು ಆಕೆ ರೆಸಾರ್ಟಿಗೇ ಫೋನು ಮಾಡಿದಳು. ಊಟದ ದುಡ್ಡು ಬೇರೆ ಕೊಡಬೇಕು ಎಂದರು.

"ಎಲ್ಲ ಸೇರಿದೆ ಅಂತ ಹಾಕಿದ್ದಾರಲ್ಲ?"

"ಹೌದು ಮೇಡಂ, ಎಲ್ಲ ಸೇರಿದೆ. ಆದ್ರೆ ಆ ಎಲ್ಲ, ಬಾಡಿಗೇಲಿ ಸೇರಿಲ್ಲ."

ಅವಳು ಸಿಟ್ಟಿನಲ್ಲಿ ಮುದುಕಿಯ ವಿಳಾಸ ಕೇಳಿ, ಗಂಡನನ್ನೂ ಕರೆದುಕೊಂಡು ಹೊರಟಳು. ಊರಿನ ಇನ್ನೊಂದು ತುದಿ, ಮೂರನೇ ಮಹಡಿ. ಮುದುಕಿ ಒಂದು ದಪ್ಪ ಫೈಲು ತಂದು ಮೇಜಿನ ಮೇಲಿಟ್ಟರು. "ನಂಗೆ ಗೊತ್ತೇ ಇರ್ಲಿಲ್ಲ. ಇದನ್ನೆಲ್ಲ ಅವರೇ ನೋಡ್ಕೋತಿದ್ರು. ನಾನು ಹೋಗಿ ತಟ್ಟೆ ಮುಂದೆ ಕೂತ್ಕೊಳ್ಳೋದಷ್ಟೇ. ಅವರು ಹೋಗಿ ಐದು ತಿಂಗಳಾಯ್ತು."

ಸಿಟ್ಟು ಎಲ್ಲಿ ಹೋಯಿತೋ. ಮೂವರೂ ತಲೆಗೆ ತಲೆ ಕೊಟ್ಟು ಕಾಗದಗಳನ್ನು ಓದಿದರು. ಮೆಕ್ಯಾನಿಕ್ ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿ, ಕೊನೆಗೆ, "ಇದಕ್ಕಿಂತ ಇಂಜಿನ್ನೇ ವಾಸಿ" ಎಂದ. ಅರ್ಥವಾದದ್ದು ಒಂದೇ: ಇಂಥವರನ್ನು ನನ್ನ ಬದಲು ಕಳಿಸುತ್ತಿದ್ದೇನೆ ಎಂದು ಮುದುಕಿ ಪತ್ರ ಬರೆಯಬೇಕು; ಆಗ ಊಟವೂ ಸೇರುತ್ತದೆ. ಬರೆದರು.

ದ್ವೀಪದಲ್ಲಿ ದೋಣಿ ಇಳಿದು ಹೋದರೆ, ಕೌಂಟರಿನ ಹುಡುಗಿ ಮುಖವನ್ನೂ ನೋಡದೆ ಕಂಪ್ಯೂಟರ್ ನೋಡಿ ಮೆಕ್ಯಾನಿಕ್ಕನಿಗೆ ಬೇರೆ ಯಾರದೋ ಹೆಸರು ಹಿಡಿದು ನಮಸ್ಕಾರ ಹೇಳಿದಳು. "ಹದಿಮೂರನೇ ಸಲ ಬರ್ತಿದ್ದೀರಿ ಸರ್!"

ಅದು ತೀರಿಕೊಂಡ ಯಜಮಾನರ ಹೆಸರು. ಅವನು ಬಾಯಿ ತೆರೆಯುವಷ್ಟರಲ್ಲಿ ಇಬ್ಬರ ಕೈಗೂ ಗುರುತಿನ ಪಟ್ಟಿ ಕಟ್ಟಿ ಮುಂದೆ ಕಳಿಸಿಯಾಗಿತ್ತು. ಊಟದ ಮನೆಯಲ್ಲಿ ಅವನಿಗೆ ಮಾತ್ರ ಉಪ್ಪಿಲ್ಲದ ಅಡುಗೆ ಬಂತು. "ನಿಮ್ಮ ಬಿ.ಪಿ. ವಿಷ್ಯ ಬರೆದಿಟ್ಟಿದ್ದೀವಿ ಸರ್." ಅವನು ಹೆಂಡತಿಯ ಕಡೆ ವಾಲಿ, "ಎಲ್ಲಾ ಸೇರಿದೆ, ಉಪ್ಪೊಂದು ಬಿಟ್ಟು" ಎಂದ. ಮಾರನೇ ದಿನ ಆಕೆ ಕೌಂಟರಿಗೆ ಹೋಗಿ ಮುದುಕಿಯ ಪತ್ರ ತೋರಿಸಿ ವಿವರಿಸಿದಳು. "ದಾಖಲೇಲಿ ಹಾಗೇ ಇದೆಯಲ್ಲ ಮೇಡಂ" ಎಂದರು. ಸತ್ತವರ ಹೆಸರಿಗೆ ಓಗೊಡುವಾಗಲೆಲ್ಲ ಗಂಡನ ಮುಖ ಸಪ್ಪಗಾಗುವುದನ್ನು ನೋಡಿ ಅವಳಿಗೂ ಕಸಿವಿಸಿ.

ಮೂರನೇ ಮಧ್ಯಾಹ್ನ, ರಜೆ ಮುಗಿಸಿ ಬಂದ ಹಿರಿಯ ಅಡುಗೆಯವನು ಕಂಕುಳಲ್ಲಿ ಚದುರಂಗದ ಹಲಗೆ ಇಟ್ಟುಕೊಂಡು ನಗುತ್ತ ಅವರ ಮೇಜಿನ ಹತ್ತಿರ ಬಂದ. ಮೆಕ್ಯಾನಿಕ್ಕನನ್ನು ನೋಡಿ ನಿಂತುಬಿಟ್ಟ.

"ಬಂದಿದಾರೆ ಅಂದ್ರು. ಎಲ್ಲಿ ಅವರು?"

"ತೀರ್ಕೊಂಡ್ರಪ್ಪ. ನಾವು ಅವರ ವಾರಾನ ಬಾಡಿಗೆಗೆ..." ಎಂದಳು ಅಂಗಡಿಯಾಕೆ.

ಅಡುಗೆಯವನು ಕುರ್ಚಿ ಎಳೆದು ಕೂತ. "ಅಮ್ಮ ಹೇಗಿದಾರೆ?" ಎಂದ. ಅವಳು ಮುದುಕಿಯ ನಂಬರು ಒತ್ತಿ ಫೋನನ್ನು ಅವನ ಕೈಗಿಟ್ಟಳು. ಅವನು ಹೊರಗೆ ಹೋಗಿ ಮರಳಿನ ಮೇಲೆ ಅತ್ತಿಂದಿತ್ತ ಓಡಾಡುತ್ತ ಮಾತಾಡಿದ. ಒಮ್ಮೆ ನಕ್ಕ, ಒಮ್ಮೆ ಭುಜದಿಂದ ಕಣ್ಣೊರೆಸಿಕೊಂಡ.

"ಮುಂದಿನ ವರ್ಷ ವಾರಾನ ಯಾರಿಗೂ ಕೊಡಲ್ವಂತೆ. ಅವರೇ ಬರ್ತಾರಂತೆ" ಎಂದು ಫೋನು ಹಿಂದಿರುಗಿಸಿ, ಹಲಗೆ ಬಿಡಿಸಿ ಮೆಕ್ಯಾನಿಕ್ಕನ ಎದುರು ಕೂತ. "ನಿಮಗೆ ಆಟ ಬರುತ್ತಾ?"

"ಇಲ್ಲಪ್ಪ."

"ಪರವಾಗಿಲ್ಲ. ಅವರಿಗೂ ಬರ್ತಿರ್ಲಿಲ್ಲ."